ಗುಳ್ಳೆ ಸಿಕ್ಕ ತಲೆ

“ಎರಡು ತಲಿ ಬಿಚ್ಚಿದೆ ಅಕ್ಕಾರ, ಎರಡರಾಗೂ ಗುಳ್ಳಿ ಸಿಗಲಿಲ್ಲ.”

ಮಧ್ಯಾಹ್ನದ ಡಬ್ಬಿಯ ಮುಚ್ಚಳ ಆಗಷ್ಟೇ ತೆಗೆದಿದ್ದೆ. ಹುನಗುಂದ ತಾಲ್ಲೂಕಿನ ಪಶು ಆಸ್ಪತ್ರೆಯೊಂದರಲ್ಲಿ ನಾನು ವೈದ್ಯೆ. ನಾನು ತುತ್ತು ಎತ್ತುವ ಹೊತ್ತಿಗೇ ಯಾರದೋ ಎಮ್ಮೆ ಈಯಲು ಕಷ್ಟಪಡುತ್ತದೆ, ಯಾರದೋ ಟಗರಿನ ಹೊಟ್ಟೆ ಉಬ್ಬುತ್ತದೆ. ಹಾಗಾಗಿ ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಕಂಪೌಂಡರು ಬಂದವರಿಗೆಲ್ಲ ಹೇಳುವುದುಂಟು. ಅಂದು ಮಾತ್ರ ಬಾಗಿಲಲ್ಲಿ ನಿಂತವರ ಮಾತು ಕೇಳಿ ಸಿಟ್ಟು ಬರಲಿಲ್ಲ, ಊಟ ಸೇರಲಿಲ್ಲ.

ಬಂದವರು ಕುರಿಗಾರ ಹಿರಿಯರು. ಇಳಕಲ್ಲ ರಸ್ತೆಯ ಪಕ್ಕ, ತೊಗರಿ ಕಿತ್ತು ಖಾಲಿಯಾದ ಹೊಲವೊಂದರಲ್ಲಿ ಅವರ ಹಟ್ಟಿ ಇಳಿದಿತ್ತು. ಹೊಲದವರಿಗೆ ಗೊಬ್ಬರ, ಇವರಿಗೆ ನಾಲ್ಕಾರು ದಿನದ ನೆಲೆ. ಆಮೇಲೆ ಮುಂದಿನ ಊರು, ಮುಂದಿನ ಹೊಲ. ಹೆಂಡತಿ, ತಮ್ಮ, ನಾಯಿಗಳು, ದೊಡ್ಡದೊಂದು ಹಿಂಡು, ಇಷ್ಟು ಅವರ ಸಂಸಾರ. ಸುತ್ತಲಿನ ಹಟ್ಟಿಗಳಲ್ಲಿ ಅವರಿಗೆ ಒಂದು ಹೆಸರಿತ್ತು: ತಲೆ ಬಿಚ್ಚುವವರು.

ಕುರಿಗೆ ತಿರುಗು ಬೇನೆ ಎಂಬುದೊಂದಿದೆ. ನಾಯಿಯ ಹೊಟ್ಟೆಯ ಹುಳುವಿನ ಮೊಟ್ಟೆ ಮೇವಿನೊಡನೆ ಕುರಿಯ ಒಳಗೆ ಸೇರಿ, ಮೆದುಳಿನಲ್ಲಿ ನೀರಿನ ಗುಳ್ಳೆಯಾಗಿ ಬೆಳೆಯುತ್ತದೆ. ಗುಳ್ಳೆ ಒತ್ತಿದ ಕಡೆಗೆ ಕುರಿ ಕತ್ತು ವಾಲಿಸಿಕೊಂಡು ಸುತ್ತುತ್ತದೆ. ವಾರಗಟ್ಟಲೆ ಹೀಗೆ ನಡೆದು ಬುರುಡೆಯ ಎಲುಬು ಅಲ್ಲಿ ತೆಳ್ಳಗಾಗುತ್ತದೆ. ಹಿರಿಯರು ಹೆಬ್ಬೆರಳಿನಿಂದ ಒತ್ತಿ ಆ ಮೆತ್ತನೆ ಜಾಗ ಹುಡುಕಿ, ಚರ್ಮ ಸೀಳಿ, ಎಲುಬಿನ ಚಕ್ಕೆ ಎತ್ತಿ, ಗುಳ್ಳೆಯನ್ನು ಒಡೆಯದಂತೆ ಎಳೆದು, ಅರಿಶಿನ ತುಂಬಿ ಬಟ್ಟೆ ಕಟ್ಟುತ್ತಿದ್ದರು. ಕುರಿಗೆ ಆಗುವ ನೋವನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಆದರೆ ಎಷ್ಟೋ ಕುರಿ ಬದುಕಿದ್ದೂ ಸುಳ್ಳಲ್ಲ. ಗುಳ್ಳೆ ಸಿಗದ ತಲೆ ಅವರಿಗೆ ಅದೇ ಮೊದಲು.

ಬಿಚ್ಚಿದ್ದು ಎಂಥ ಕುರಿ ಎಂದು ಕೇಳಿದೆ. ಒಂದು ಈದ ಕುರಿ, ಒಂದು ಬಲಿತ ಟಗರು. ಅಲ್ಲೇ ನನಗೆ ಅನುಮಾನ ಹತ್ತಿತು. ತಿರುಗು ಬೇನೆ ಸಾಮಾನ್ಯವಾಗಿ ಎಳೆಯ ಕುರಿಗಳ ರೋಗ. ಎಷ್ಟು ದಿನ ಸುತ್ತಿದವು ಎಂದರೆ, ಸುತ್ತಿದ್ದು ಕಡಿಮೆ, ಮೂರು ನಾಲ್ಕು ದಿನದಲ್ಲಿ ಕಾಲು ಬಿದ್ದು ಸತ್ತವು ಎಂದರು. ಟಗರು ತನ್ನ ಮೈಯ ಉಣ್ಣೆಯನ್ನು ತಾನೇ ಕಚ್ಚಿ ಕಿತ್ತುಕೊಳ್ಳುತ್ತಿತ್ತಂತೆ. ಬಾಯಲ್ಲಿ ಜೊಲ್ಲು, ದನಿ ಒಡೆದು ಹೋಗಿತ್ತಂತೆ. ಗಂಟಲಲ್ಲಿ ಏನೋ ಸಿಕ್ಕಿದೆ ಎಂದುಕೊಂಡು ಅವರ ಹೆಂಡತಿ ಬಾಯಲ್ಲಿ ಕೈ ಹಾಕಿ ನೋಡಿ, ಬಿದಿರಿನ ಗೊಟ್ಟ ಹಿಡಿದು ಗಂಟಲಿಗೆ ಔಷಧ ಹೊಯ್ದಿದ್ದರಂತೆ. ಸತ್ತ ಕುರಿಗಳ ತಲೆ ಏನು ಮಾಡಿದಿರಿ ಎಂದೆ. ನಾಯಿಗೆ ಹಾಕಿದ್ದರು.

ನಾನು ಡಬ್ಬಿ ಮುಚ್ಚಿದೆ.

ಹಟ್ಟಿಗೆ ಹೋಗುವ ದಾರಿಯಲ್ಲಿ ಜೀಪಿನಲ್ಲಿ ಕುಳಿತು, ಈಚೆಗೆ ಹುಚ್ಚುನಾಯಿ ಏನಾದರೂ ಹಿಂಡಿಗೆ ನುಗ್ಗಿತ್ತೇ ಎಂದು ಕೇಳಿದೆ. ಇಲ್ಲ ಎಂದರು. ಆದರೆ ತೋಳ ಬಂದಿತ್ತು ಎಂದರು. ದೀಪಾವಳಿ ಕಳೆದ ಮೇಲೆ, ಬಾದಾಮಿ ಕಡೆಯ ಗುಡ್ಡದ ಬುಡದಲ್ಲಿ ಹಟ್ಟಿ ಇದ್ದಾಗ. ಹೊತ್ತು ಮುಳುಗುವ ಮುಂಚೆಯೇ ಬಂತಂತೆ. ಕಂಡ ಕಂಡ ಕುರಿಯ ಮೂತಿಗೆ ಬಾಯಿ ಹಾಕಿ, ನಾಯಿಗಳು ಬೆನ್ನಟ್ಟಿದ ಮೇಲೆ ಓಡಿತಂತೆ.

“ಒಂದನ್ನೂ ಒಯ್ಯಲಿಲ್ರಿ,” ಎಂದರು ಹಿರಿಯರು. “ತ್ವಾಳದ ಪಾಲ ತ್ವಾಳಕ್ಕ ಐತಿ ಅಂತ ನಾವು ಬಿಟ್ಟಿರತೇವಿ. ಈ ಸಲ ದೇವರು ಪಾಲನೂ ಬ್ಯಾಡ ಅಂದ ಅಂತ ಕಾಯಿ ಒಡದಿವ್ರಿ.”

ಕುರಿ ಒಯ್ಯದ ತೋಳ. ಹಗಲಲ್ಲಿ ಬಂದು, ಹಸಿವಿಲ್ಲದೆ, ಸಿಕ್ಕಿದ್ದನ್ನೆಲ್ಲ ಕಚ್ಚಿ ಹೋದ ತೋಳ. ಅದಕ್ಕೆ ಹುಚ್ಚು ಹಿಡಿದಿತ್ತೆಂದು ಹೇಳಲು ನನಗೆ ಪ್ರಯೋಗಾಲಯ ಬೇಕಿರಲಿಲ್ಲ. ಆದರೆ ಆ ಮನುಷ್ಯ ಅದರ ಹೆಸರಲ್ಲಿ ಕಾಯಿ ಒಡೆದಿದ್ದರು.

ಹಟ್ಟಿಯಲ್ಲಿ ಮೊದಲು ಮೂತಿಗೆ ಗಾಯದ ಗುರುತಿದ್ದ ಕುರಿಗಳನ್ನು ಬೇರೆ ಮಾಡಿಸಿದೆ. ಹಿಂಡಿನ ಒಂದು ತುದಿಗೆ ಎಳೆಯ ಕುರಿಯೊಂದು ಕತ್ತು ವಾಲಿಸಿಕೊಂಡು ಬಲಕ್ಕೆ ಸುತ್ತುತ್ತಿತ್ತು. ಅದರ ಮೂತಿಯ ಮೇಲೂ ಗಾಯದ ಗುರುತಿತ್ತು. ಅದು ಬಹಳ ದಿನದಿಂದ ಹೀಗೇ ಇದೆ, ಆದರೆ ನಿನ್ನೆಯಿಂದ ಜೊಲ್ಲು ಶುರುವಾಗಿದೆ ಎಂದು ತಮ್ಮ ಹೇಳಿದ. ಅದನ್ನು ಇವತ್ತು ಬಿಚ್ಚಬೇಕೆಂದು ಹಿರಿಯರು ಕತ್ತಿ ಮಸೆದು ಇಟ್ಟಿದ್ದರು.

ಮೊದಲು ಬಿಚ್ಚಿದ ಎರಡು ತಲೆಗಳನ್ನು ಹೇಗೆ ಬಿಚ್ಚಿದಿರಿ, ಕುರಿ ಮುಟ್ಟದೆ ಸುಮ್ಮನೆ ಮಾಡಿ ತೋರಿಸಿ ಎಂದೆ. ಕೈಗೆ ಗಾಯವಾಗಿತ್ತೇ ಎಂಬುದಷ್ಟೇ ನನಗೆ ತಿಳಿಯಬೇಕಿತ್ತು. ಅವರು ಮಸೆದಿಟ್ಟ ಕತ್ತಿ ಎತ್ತಿಕೊಂಡು, ಕುಕ್ಕರಗಾಲಲ್ಲಿ ಕುಳಿತು ಇಲ್ಲದ ಕುರಿಯ ತಲೆಯನ್ನು ಮೊಣಕಾಲ ನಡುವೆ ಹಿಡಿದರು. ಹೆಬ್ಬೆರಳಿಂದ ಒತ್ತಿದರು, ಸೀಳಿದರು, ಎಲುಬು ಎತ್ತಿದರು. ಗುಳ್ಳೆ ಎಳೆಯಲು ಎರಡೂ ಕೈ ಬೇಕಲ್ಲ, ಕತ್ತಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡರು.

ನೀವು ಯಾವಾಗಲೂ ಹೀಗೇ ಮಾಡುತ್ತೀರಾ ಎಂದು ಕೇಳಿದೆ. ಕತ್ತಿ ಬಾಯಲ್ಲಿ ಇದ್ದುದರಿಂದ ತಲೆ ಆಡಿಸಿದರು. ಅವರ ಕೆಳತುಟಿಯ ಮೂಲೆಯಲ್ಲಿ ಹಳೆಯ, ಹೊಸ ಗೀರುಗಳು ಕಂಡವು.

ಹುಚ್ಚು ರೋಗದ ವೈರಾಣು ಸತ್ತ ಪ್ರಾಣಿಯ ಮೆದುಳಿನಲ್ಲಿ ಇರುವಷ್ಟು ಬೇರೆಲ್ಲೂ ಇರುವುದಿಲ್ಲ. ಅದು ಅಂಟಿದ ಕತ್ತಿ, ಸೀಳಿದ ತುಟಿ. ಕಾಲಿಗೆ ಕಚ್ಚಿಸಿಕೊಂಡವನಿಗೆ ಇರುವಷ್ಟು ಸಮಯವೂ ಮುಖದ ಗಾಯಕ್ಕೆ ಇರುವುದಿಲ್ಲ, ಯಾಕೆಂದರೆ ವೈರಾಣು ನರ ಹಿಡಿದು ಮೆದುಳಿಗೆ ನಡೆಯುವ ದಾರಿ ಅಲ್ಲಿಂದ ಬಹಳ ಹತ್ತಿರ. ಮೊದಲ ತಲೆ ಬಿಚ್ಚಿ ಆಗಲೇ ಎರಡು ವಾರದ ಮೇಲಾಗಿತ್ತು. ಇವತ್ತೇ ದವಾಖಾನೆಗೆ ಹೋಗಿ ಲಸಿಕೆ ಶುರು ಮಾಡಬೇಕು, ಗಾಯಕ್ಕೆ ಹಾಕುವ ಸೀರಮ್ಮಿಗೆ ಬಾಗಲಕೋಟೆಗೆ ಹೋಗಬೇಕಾಗಬಹುದು, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಲಕ್ಷಣ ಕಾಣಿಸಿಕೊಳ್ಳುವ ಮೊದಲು ಹಾಕಿದರೆ ಮಾತ್ರ ಈ ಲಸಿಕೆ ಉಳಿಸುತ್ತದೆ, ಆಮೇಲೆ ಯಾವ ಔಷಧವೂ ಇಲ್ಲ ಎಂದೂ ಒರಟಾಗಿಯೇ ಹೇಳಿದೆ.

ಅವರ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಆಗಲೇ ಎದ್ದು ನಿಂತರು. ಕುರಿಯ ಬಾಯಲ್ಲಿ ಕೈ ಹಾಕಿದವರು ಅವರು. ತಲೆ ಬಿಚ್ಚುವಾಗ ಕುರಿಯ ಹಿಂಗಾಲು ಹಿಡಿದಿದ್ದ ತಮ್ಮನೂ ಎದ್ದ. ಹಿರಿಯರು ಕುಳಿತೇ ಇದ್ದರು.

“ಇವರು ಮಾಡಸ್ಕೋಲಿ. ನಾ ಹುಚ್ಚ ನಾಯಿ ಸೂಜಿ ಮಾಡಸ್ಕೊಂಡೆ ಅಂದ್ರ ಸುದ್ದಿ ಅಮೀನಗಡ ಸಂತಿ ಮುಟ್ಟತೈತ್ರಿ. ನಮ್ಮ ಹಟ್ಟಿ ಯಾರ ತಮ್ಮ ಹೊಲದಾಗ ಇಳಿಸ್ಕೋತಾರ? ನನ್ನ ಕೈಯಾಗ ಕುರಿ ತಲಿ ಯಾರ ಕೊಡ್ತಾರ?”

ಜೀವ ಹೋದ ಮೇಲೆ ತಲೆ ಬಿಚ್ಚುವವರು ಯಾರು ಎಂದು ನಾನು ರೇಗಿದೆ. ಅವರು ರೇಗಲಿಲ್ಲ. ಈ ಕುರಿಯಲ್ಲಿ ಗುಳ್ಳೆ ಇದೆ, ಬೆರಳಿಗೆ ಗೊತ್ತಾಗಿದೆ, ಗುಳ್ಳೆ ಸಿಕ್ಕರೆ ಇದು ತಿರುಗು ಬೇನೆಯೇ, ಆಗ ಸೂಜಿಯ ಮಾತೇ ಬೇಡ, ಸಿಗದಿದ್ದರೆ ನೀವು ಕರೆದಲ್ಲಿಗೆ ಬರುತ್ತೇನೆ ಎಂದರು. ಈ ಪಂದ್ಯಕ್ಕೆ ನಾನು ಒಪ್ಪಲಿಲ್ಲ. ಗುಳ್ಳೆ ಇರಲಿ ಬಿಡಲಿ ಸೂಜಿ ಬೇಕೇ ಬೇಕು ಎಂದು ಎರಡೆರಡು ಸಲ ಹೇಳಿದೆ. ಆದರೆ ಪರೀಕ್ಷೆಗೆ ಕಳಿಸಲು ನನಗೆ ಆ ಕುರಿಯ ಮೆದುಳು ಬೇಕಿತ್ತು, ಅದು ಹೇಗೂ ಉಳಿಯುವಂತಿರಲಿಲ್ಲ. ನಾನು ಬಿಚ್ಚುವಾಗ ದೂರ ನಿಂತು ನೋಡುವುದಾಗಿ ಅವರು ಹಟ ಹಿಡಿದರು. ನೋಡಬೇಡಿ ಎನ್ನುವುದು ಹೇಗೆ, ಕುರಿ ಅವರದು.

ಕುರಿಗೆ ನಿದ್ದೆಯ ಸೂಜಿ, ಅದರ ಮೇಲೆ ಕೊನೆಯ ಸೂಜಿ ಕೊಟ್ಟೆ. ಎರಡು ಜೊತೆ ಕೈಗವಸು, ಕನ್ನಡಕ, ಪ್ಲಾಸ್ಟಿಕ್ ಏಪ್ರನ್ ಹಾಕಿಕೊಂಡು ಹೊಲದ ಬದುವಿನಲ್ಲಿ ಗೋಣಿ ಹಾಸಿ ಕುಳಿತೆ. ಬುರುಡೆಯನ್ನು ಹೆಬ್ಬೆರಳಿಂದ ಒತ್ತಿದೆ. ಬಲಗಡೆ ಎಲುಬು ನಿಜವಾಗಿಯೂ ಮೆತ್ತಗಿತ್ತು. ಗರಗಸ ಹಾಕಿ ಎಲುಬು ಎತ್ತಿದೆ. ನಿಂಬೆಹಣ್ಣಿನಷ್ಟು ದೊಡ್ಡ ಗುಳ್ಳೆ, ತಿಳಿನೀರು, ಒಳಗೆ ಅಕ್ಕಿನುಚ್ಚಿನಂಥ ಬಿಳಿ ಚುಕ್ಕೆಗಳು.

“ನೋಡ್ರಿ ಅಕ್ಕಾರ,” ಎಂದರು ಹಿರಿಯರು. ಅಷ್ಟೇ. ಗೆದ್ದೆನೆಂದು ನಗಲೂ ಇಲ್ಲ. ನಕ್ಕಿದ್ದರೆ ನಾನು ಜಗಳವಾದರೂ ತೆಗೆಯಬಹುದಿತ್ತು.

ಹೊಲದಲ್ಲಿ ಕಸ ಬೆಳೆದಿದೆ ಎಂದರೆ ಹುಳ ಬಿದ್ದಿಲ್ಲ ಎಂದರ್ಥವೇ, ಒಂದೇ ತಲೆಯಲ್ಲಿ ಎರಡು ರೋಗ ಇರಬಹುದು ಎಂದು ಬಿಡಿಸಿ ಹೇಳಿದೆ. ಗುಳ್ಳೆ ಇದ್ದ ಕುರಿಯನ್ನೂ ತೋಳ ಕಚ್ಚಿತ್ತು, ಜೊಲ್ಲು ನಿನ್ನೆ ಶುರುವಾಗಿದ್ದು ಅದರಿಂದ ಎಂದೆ. ಅವರು ಗುಳ್ಳೆಯನ್ನೇ ನೋಡುತ್ತಿದ್ದರು. ಆ ಕ್ಷಣ ಆ ಗುಳ್ಳೆಯ ಮೇಲೆ ನನಗೆ ಬಂದಷ್ಟು ಸಿಟ್ಟು ಯಾವ ಮನುಷ್ಯನ ಮೇಲೂ ಬಂದಿಲ್ಲ. ನನ್ನ ಮಾತನ್ನು ಸುಳ್ಳು ಮಾಡಲೆಂದೇ ಅದು ಅಲ್ಲಿ ಕುಳಿತಂತಿತ್ತು.

ಮೆದುಳಿನ ಕಾಂಡ, ಕಿರುಮೆದುಳು ಎರಡನ್ನೂ ತೆಗೆದು ಗ್ಲಿಸರಿನ್ ದ್ರಾವಣದ ಸೀಸೆಗೆ ಹಾಕಿದೆ, ಇನ್ನೊಂದು ತುಂಡು ಫಾರ್ಮಲಿನ್ನಿಗೆ. ಸುತ್ತ ಐಸ್ ತುಂಬಿ ಥರ್ಮಾಕೋಲ್ ಪೆಟ್ಟಿಗೆ ಬಿಗಿದು, ಕಂಪೌಂಡರ ಕೈಗೆ ಕೊಟ್ಟು ಬೆಂಗಳೂರಿನ ಬಸ್ಸು ಹತ್ತಿಸಿದೆ. ಪೆಟ್ಟಿಗೆಯನ್ನು ತೊಡೆಯಿಂದ ಕೆಳಗಿಡಬೇಡಿ ಎಂದಿದ್ದಕ್ಕೆ ಅವರು, ಹೆಣ್ಣು ನೋಡಲು ಹೋದಾಗಲೂ ಯಾರೂ ಇಷ್ಟು ಹುಷಾರು ಹೇಳಿರಲಿಲ್ಲ ಎಂದರು. ಉಳಿದ ಮೈಯನ್ನು ಆಳದ ಗುಂಡಿಯಲ್ಲಿ ಸುಣ್ಣ ಸುರಿದು ಹೂಳಿಸಿದೆವು. ಗಾಯದ ಕುರಿಗಳಿಗೂ ನಾಯಿಗಳಿಗೂ ಲಸಿಕೆ ಹಾಕಿದೆ.

ಸಂಜೆ ತಾಲ್ಲೂಕು ದವಾಖಾನೆಗೆ ಹೆಂಡತಿ ಮತ್ತು ತಮ್ಮನನ್ನು ಕರೆದೊಯ್ದೆ. ಹಿರಿಯರೂ ಬಂದರು, ಗೇಟಿನ ಹೊರಗೆ ನಿಂತರು. ಅಲ್ಲಿಯ ಡಾಕ್ಟರು ತಾವೇ ಹೊರಗೆ ಬಂದು, ನಿಮ್ಮ ಹೆಸರು ಯಾರಿಗೂ ಹೇಳುವುದಿಲ್ಲ ಎಂದರು. ಹಿರಿಯರು ಕೈ ಮುಗಿದು, ನನಗೇನಾಗಿದೆ ಸಾಹೇಬ್ರ ಎಂದರು. ಒಲ್ಲೆ ಎಂದ ಮನುಷ್ಯನನ್ನು ಹಿಡಿದು ಚುಚ್ಚಲು ಬರುವುದಿಲ್ಲ. ಹೆಂಡತಿ ತೋಳು ಒತ್ತಿಕೊಂಡು ಹೊರಗೆ ಬಂದಾಗ, ನೋವಾತೇನ ಎಂದು ಅವರೇ ಕೇಳಿದರು.

ಮರುದಿನವೂ ಹೋದೆ, ಮತ್ತೊಂದು ದಿನವೂ ಹೋದೆ. ಗದರಿಸಿದೆ, ಪುಸಲಾಯಿಸಿದೆ. ಹೋದಾಗಲೆಲ್ಲ ಚಹಾ ಕೊಟ್ಟರು, ಮಾತು ಕೊಡಲಿಲ್ಲ. ಅದರ ಮುಂದಿನ ಸಲ ಹೋದಾಗ ಹೊಲ ಖಾಲಿ ಇತ್ತು. ಹಿಕ್ಕೆಯ ಹಾಸು, ಆರಿದ ಒಲೆಯ ಮೂರು ಕಲ್ಲು. ಹೊಲದವರನ್ನು ಕೇಳಿದರೆ, ಸತ್ತ ಕುರಿಯ ಸುದ್ದಿ ಕೇಳಿ ತಾವೇ ಬಿಡಿಸಿ ಕಳಿಸಿದ್ದಾಗಿ ಹೇಳಿದರು. ಎತ್ತ ಹೋದರೋ ತಿಳಿಯದು. ಫೋನು ಹಚ್ಚಿದರೆ ಬಂದ್.

ವರದಿ ಬಂದಾಗ ನಾನು ಒಂದು ಆಕಳಿನ ಬಸಿರು ಪರೀಕ್ಷೆ ಮಾಡುತ್ತಿದ್ದೆ. ಒಂದು ಕೈ ಆಕಳ ಒಳಗೆ, ಇನ್ನೊಂದು ಕೈಯಲ್ಲಿ ಕಂಪೌಂಡರು ಹಿಡಿದುಕೊಟ್ಟ ಫೋನು. ಹುಚ್ಚು ರೋಗ ಖಚಿತ ಎಂದರು ಬೆಂಗಳೂರಿನವರು. ಗುಳ್ಳೆ ಇದ್ದ ಅದೇ ತಲೆಯಲ್ಲಿ.

ಕಾಗದದ ಮೇಲೆ ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ನಾನು ಪ್ರಾಣಿಗಳ ಡಾಕ್ಟರು. ಮನುಷ್ಯರ ವಿಷಯ ಆರೋಗ್ಯ ಇಲಾಖೆಗೆ ತಿಳಿಸಬೇಕು, ತಿಳಿಸಿದೆ. ಹುಡುಕಿಸುತ್ತೇವೆ ಎಂದರು, ಹುಡುಕಿಸಲು ಶುರುವೂ ಮಾಡಿದರು. ಆದರೆ ವಿಳಾಸವಿಲ್ಲದ ಮನೆಯನ್ನು ಯಾರು ಎಲ್ಲಿ ಹುಡುಕುತ್ತಾರೆ? ರಜೆ ಬರೆದುಕೊಟ್ಟು ನಾನೇ ಹೊರಡುವುದೆಂದು ಅಂದೇ ತೀರ್ಮಾನಿಸಿದೆ. ಕಂಪೌಂಡರು ಏನೂ ಕೇಳದೆ ತಮ್ಮ ಮೋಟರ್‌ಸೈಕಲ್ಲಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂದರು.

ಅಮೀನಗಡದ ಕುರಿ ಸಂತೆಯಲ್ಲಿ ಕೇಳಿದೆವು. ಗುಳೇದಗುಡ್ಡದ ಕಡೆ ಹೋದರು ಎಂದ ಒಬ್ಬ, ಬಾದಾಮಿ ಕಡೆ ಎಂದ ಇನ್ನೊಬ್ಬ. ಹುಚ್ಚಿನ ಮಾತು ಎತ್ತಿದರೆ ಅವರ ಹಟ್ಟಿಗೆ ನೆಲ ಸಿಗದಂತೆ ಆಗುತ್ತದೆಂದು, ಲಸಿಕೆ ಬಾಕಿ ಇದೆ ಎಂದಷ್ಟೇ ಹೇಳುತ್ತಿದ್ದೆವು. ಎರಡು ದಿನ ಹೊಲದಿಂದ ಹೊಲಕ್ಕೆ ತಿರುಗಿ, ಬೇರೆಯವರ ಹಟ್ಟಿಗಳನ್ನು ಕಂಡು ಬೆನ್ನು ನೋಯಿಸಿಕೊಂಡು ಬಾಗಲಕೋಟೆಗೆ ಬಂದೆವು. ಅಲ್ಲಿ ಬಸ್ ನಿಲ್ದಾಣದ ಮುಂದೆ ಚಹಾ ಕುಡಿಯುವಾಗ ಹೊಳೆಯಿತು: ಹಿರಿಯರು ಸೂಜಿ ಬೇಡವೆಂದವರು, ಅವರ ಹೆಂಡತಿ ಬೇಕೆಂದವರು. ಮುಂದಿನ ಸೂಜಿಗೆ ಆಕೆ ದಾರಿಯಲ್ಲಿ ಎಲ್ಲಾದರೂ ಹೋಗಿರಲೇಬೇಕು.

ಊರೂರಿನ ಆರೋಗ್ಯ ಕೇಂದ್ರಗಳಿಗೆ ಒಂದೊಂದಾಗಿ ಫೋನು ಹಚ್ಚಿದೆ. ನಾಲ್ಕೈದು ಕಡೆ ಇಲ್ಲ ಎಂದರು. ಕಲಾದಗಿ ರಸ್ತೆಯ ಒಂದು ಕೇಂದ್ರದ ಸಿಸ್ಟರಿಗೆ ಚೆನ್ನಾಗಿ ನೆನಪಿತ್ತು. ಹೋದ ವಾರ ಕುರಿ ಕಾಯುವ ಹೆಂಗಸು ಮೈದುನನ ಜೊತೆ ಬಂದಿದ್ದರು, ಹೇಳಿದ ದಿನಕ್ಕೆ ತಪ್ಪದೆ ಬಂದಿದ್ದಕ್ಕೆ ತಾನು ಶಹಬ್ಬಾಸ್ ಎಂದೆ ಎಂದರು. ಜೊತೆಗೆ ಇನ್ನೊಬ್ಬರು ಬಂದು ಹೊರಗೆ ಬೇವಿನ ಕಟ್ಟೆಯ ಮೇಲೆ ಕುಳಿತಿದ್ದರಂತೆ. ನೀವು ಯಾರು ಎಂದು ಸಿಸ್ಟರ್ ಕೇಳಿದ್ದಕ್ಕೆ, ಇವರ ಮನೆಯವನು, ಸುಮ್ಮನೆ ಬಂದೇನಿ ಎಂದರಂತೆ. ಲಸಿಕೆ ಇದ್ದ ಕೋಣೆಗೂ ಆ ಕಟ್ಟೆಗೂ ನಡುವೆ ಇದ್ದುದು ಒಂದು ಅಂಗಳ.

ಘಟಪ್ರಭೆಯ ದಂಡೆಯಲ್ಲಿ, ಕಬ್ಬು ಕಡಿದ ಹೊಲದಲ್ಲಿ ಹಟ್ಟಿ ಸಿಕ್ಕಿತು. ಬೆಳಗಿನ ಹೊತ್ತು. ನನ್ನನ್ನು ಕಂಡದ್ದೇ ಹಿರಿಯರು ತಾವಾಗಿ ಎದ್ದು ಬಂದರು. ಬೈಯಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತೆಲ್ಲ ನನ್ನ ಬಾಯಲ್ಲೇ ಉಳಿಯಿತು.

“ನೀವು ಅಂದದ್ದು ಖರೆ ಅಕ್ಕಾರ,” ಎಂದರು. “ಇಲ್ಲಿಗಿ ಬಂದ ಮ್ಯಾಲ ಮತ್ತ ಎರಡು ಹ್ವಾದುವು. ಅವು ತಿರುಗಲೇ ಇಲ್ರಿ. ಇದು ನಾ ಕಂಡ ಬ್ಯಾನಿ ಅಲ್ಲ. ನಿಮ್ಮ ಹತ್ರ ಬರಬೇಕಂತ ಮಾಡಿದ್ದೆ. ಎಷ್ಟ ಸೂಜಿ ಅಂತೀರಿ, ಅಷ್ಟೂ ಮಾಡಸ್ಕೋತೇನಿ.”

ಯಾರು ಏನಂದರೂ ಅನ್ನಲಿ, ಹೊಲ ಸಿಗದಿದ್ದರೆ ಗುಡ್ಡದಲ್ಲಿ ಹಟ್ಟಿ ಹಾಕುತ್ತೇನೆ ಎಂದರು. ನನಗೆ ಎಷ್ಟು ಹಗುರವಾಯಿತೆಂದರೆ ಕಣ್ಣಲ್ಲಿ ನೀರೇ ಬಂತು. ಕೂಡಲೇ ಆಂಬುಲೆನ್ಸಿಗೆ ಫೋನು ಮಾಡಿದೆ. ಬಾಗಲಕೋಟೆಯಲ್ಲಿ ಸೀರಮ್ ಇದೆ, ಮಧ್ಯಾಹ್ನದೊಳಗೆ ಎಲ್ಲ ಆಗಿಬಿಡುತ್ತದೆ ಎಂದು ಲೆಕ್ಕ ಹಾಕತೊಡಗಿದೆ.

ಅವರ ಹೆಂಡತಿ ಚಹಾ ತಂದರು. ನಾನು ಕುಡಿದೆ, ಕಂಪೌಂಡರು ಕುಡಿದರು. ಹಿರಿಯರು ಬಟ್ಟಲು ಹಿಡಿದುಕೊಂಡೇ ಕುಳಿತಿದ್ದರು, ಆಗಾಗ ಕೆಳತುಟಿಯ ಮೂಲೆಯನ್ನು ಕೈಯ ಹಿಂಬದಿಯಿಂದ ಉಜ್ಜಿಕೊಳ್ಳುತ್ತಿದ್ದರು. ತುಟಿಗೆ ಏನಾಗಿದೆ ಎಂದು ಕೇಳಿದೆ.

“ಏನಿಲ್ರಿ. ನಿನ್ನಿಯಿಂದ ಇಲ್ಲಿ ಇರುವಿ ಹರದಾಡಿದಂಗ ಆಗತೈತಿ. ಥಂಡಿ ಬಿದ್ದೈತಿ, ಗಂಟಲಾ ಹಿಡದೈತಿ. ಚಾ ಒಳಗ ಹೋಗವಲ್ದು.”

ಓದಿದ ವಿದ್ಯೆಯನ್ನು ಮರೆಯಬೇಕೆಂದು ನನಗೆ ಯಾವತ್ತಾದರೂ ಅನ್ನಿಸಿದ್ದರೆ ಅದು ಆಗ. ಗಾಯವಾದ ಜಾಗದಲ್ಲಿ ಇರುವೆ ಹರಿದಂತಾಗುವುದು, ಗಂಟಲು ಹಿಡಿಯುವುದು. ವೈರಾಣು ನರದ ದಾರಿ ಮುಗಿಸಿ ಮೆದುಳು ಮುಟ್ಟಿತ್ತು. ಇನ್ನು ಲಸಿಕೆ ಬರೀ ನೀರು, ಸೀರಮ್ ಬರೀ ನೀರು. ಮುಂದಿನ ಕೆಲವು ದಿನಗಳು ಹೇಗಿರುತ್ತವೆಂದು ಅಲ್ಲಿದ್ದವರಲ್ಲಿ ನನಗೂ ಕಂಪೌಂಡರಿಗೂ ಮಾತ್ರ ಗೊತ್ತಿತ್ತು. ಕಂಪೌಂಡರು ಬಟ್ಟಲು ಕೆಳಗಿಟ್ಟು ಎದ್ದು ನದಿಯ ಕಡೆ ಹೋಗಿಬಿಟ್ಟರು.

ಇದನ್ನು ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಆಸ್ಪತ್ರೆಗೆ ಕರೆದೊಯ್ಯುವುದು ಹೇಗೂ ಬೇಕಿತ್ತು. ಅಲ್ಲಿ ಬೆಳಕು ಚುಚ್ಚದಂಥ ಕತ್ತಲ ಕೋಣೆ, ನೋವು ತಗ್ಗಿಸುವ ಸೂಜಿ, ಕೈ ಹಿಡಿದುಕೊಳ್ಳಲು ಯಾರಾದರೊಬ್ಬರು, ಇಷ್ಟಾದರೂ ಸಿಗುತ್ತದೆ. ಅವರಿಗೆ ಮಾತ್ರ ಇದು ಸೂಜಿಯ ಪ್ರಯಾಣ. ಹಿರಿಯರು ತಮ್ಮನನ್ನು ಕರೆದು, ಗಾಯದ ಕುರಿಗಳನ್ನು ಬೇರೆಯೇ ಇಡು, ಸತ್ತದ್ದನ್ನು ನಾಯಿಗೆ ಹಾಕಬೇಡ, ಸುಣ್ಣ ಸುರಿದು ಹೂಳು ಎಂದು ನಾನು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದರು. ನಾಳೆ ನಾಡಿದ್ದರಲ್ಲಿ ಬರುತ್ತೇನೆ, ಅಲ್ಲಿಯವರೆಗೆ ಹೊಲ ಬದಲಿಸಬೇಡ ಎಂದರು.

ಆಂಬುಲೆನ್ಸ್ ಬಂತು. ಅವರು ಯಾರ ಕೈಯನ್ನೂ ಹಿಡಿಯದೆ ತಾವೇ ಹತ್ತಿ ಒಳಗಿನ ಬೆಂಚಿನ ಮೇಲೆ ಕುಳಿತರು. ಅವರ ಹೆಂಡತಿ ಒಂದು ಮರಿಯನ್ನು ಎದೆಗೆ ಒತ್ತಿಕೊಂಡು ಕೆಳಗೆ ನಿಂತಿದ್ದರು. ನಾನು ಹತ್ತಿರ ಹೋಗಿ, ನೀವೂ ಬನ್ನಿ ಎಂದೆ.

“ನಂದು ಸೂಜಿ ಈಗ ಇಲ್ಲಲ್ರಿ ಅಕ್ಕಾರ. ಮುಂದಿನ ತಿಂಗಳ ಅಂದಾರ,” ಎಂದರು.

“ಬರ್ರಿ ಯವ್ವಾ,” ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಒಳಗೆ ಕುಳಿತ ಗಂಡನನ್ನು ನೋಡಿದರು. ಮರಿಯನ್ನು ಮೈದುನನ ಕೈಗೆ ಕೊಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಹತ್ತಿ ಗಂಡನ ಪಕ್ಕದಲ್ಲಿ ಕುಳಿತರು.